ಸುಟ್ಟರೂ ಸುಡದ ಬತ್ತಿ

ವೇಪಿಂಗ್ (ಇ-ಸಿಗರೇಟಲ್ಲಿ ಲಿಕ್ವಿಡ್ ಕಾಯಿಸಿ ಅದರ ಆವಿ ಎಳೆಯೋದು) ಮಾಡೋ ನಾಲ್ಕು ಜನ ಒಂದು ಕಡೆ ಸೇರಿದ್ರೆ ಮಾತೆಲ್ಲ ತಂತಿ ಮೇಲೇನೇ. ಎಷ್ಟು ಗೇಜು (ತಂತಿ ದಪ್ಪ), ಎಷ್ಟು ಸುತ್ತು, ಎಷ್ಟು ಓಮ್, ಲೋಹ ಕಾಂಥಾಲಾ ನೈಕ್ರೋಮಾ, ಮೊನ್ನೆ ಸುತ್ತಿದ ಕ್ಲಾಪ್ಟನ್ ಕಾಯಿಲ್ (ತಂತಿ ಮೇಲೆ ತಂತಿ ಸುತ್ತಿ ಮಾಡಿದ ಸುರುಳಿ) ಫೋಟೋ ನೋಡಿದ್ರಾ, ಇದೇ ಮಾತು. ಬತ್ತಿ ವಿಷಯ ಬಂದ್ರೆ "ಹತ್ತಿ ತುರುಕಿ, ಸಾಕು" ಅಂತ ಮುಗಿಸಿಬಿಡ್ತಾರೆ. ನನಗೆ ಇದು ಯಾವತ್ತೂ ಒಪ್ಪಿಗೆ ಆಗಿಲ್ಲ. ತಂತಿಗೆ ಇರೋದು ಒಂದೇ ಕೆಲಸ, ಕರೆಂಟ್ ಹರಿದಾಗ ಬಿಸಿ ಆಗೋದು. ಆ ಬಿಸಿಗೆ ತಕ್ಕಷ್ಟು ಲಿಕ್ವಿಡ್ ತಂದುಕೊಡೋದು, ತಂದದ್ದನ್ನ ತಂತಿಗೆ ತಾಗೋ ಹಾಗೆ ಹಿಡಿದಿಟ್ಕೊಳ್ಳೋದು, ಖಾಲಿ ಆದ ತಕ್ಷಣ ಮತ್ತೆ ಎಳ್ಕೊಳ್ಳೋದು, ಇದೆಲ್ಲ ಬತ್ತಿ ಕೆಲಸ. ರುಚಿ ಬರೋದೂ ಅಲ್ಲಿಂದಲೇ, ಸೀದ ವಾಸನೆ ಬಂದು ಗಂಟಲು ಉರಿಯೋದೂ ಅಲ್ಲಿಂದಲೇ. ನಾನು ತುಂಬಾ ಕಾಲದಿಂದ ಸೆರಾಮಿಕ್ ಬತ್ತಿ ಬಳಸ್ತಾ ಇದೀನಿ, ಅದರ ಬಗ್ಗೆ ಒಂದು ಸಲ ಕೂತು ಪೂರ್ತಿ ಬರೀಬೇಕು ಅಂತ ಇತ್ತು.

ಮೊದಲೇ ಹೇಳ್ಬಿಡ್ತೀನಿ, ನಾನಿರೋದು ಇಂಗ್ಲೆಂಡಲ್ಲಿ, ರೆಡಿಂಗ್ ಹತ್ರ. ಇಲ್ಲಿ ದೊಡ್ಡವರು ವೇಪ್ ಮಾಡೋದಕ್ಕೆ ಕಾನೂನಿನ ಅಡ್ಡಿ ಇಲ್ಲ. ನಮ್ಮ ಕಡೆ ಹಾಗಲ್ಲ, ಕರ್ನಾಟಕದಲ್ಲಿ 2016ರಲ್ಲೇ ಇ-ಸಿಗರೇಟು ನಿಷೇಧ ಆಯ್ತು, 2019ರಲ್ಲಿ ಕೇಂದ್ರ ಸರ್ಕಾರ ಇಡೀ ದೇಶಕ್ಕೆ ಕಾಯ್ದೆ ತಂತು. ತಯಾರಿಕೆ, ಆಮದು, ಮಾರಾಟ, ಜಾಹೀರಾತು, ದಾಸ್ತಾನು ಎಲ್ಲಾ ಅಪರಾಧ, ತಯಾರಿಕೆ ಮಾರಾಟಕ್ಕಾದ್ರೆ ಮೊದಲ ಸಲಕ್ಕೇ ಒಂದು ವರ್ಷದ ತನಕ ಜೈಲು ಅಥವಾ ಒಂದು ಲಕ್ಷದ ತನಕ ದಂಡ, ಇಲ್ಲಾ ಎರಡೂ. ಹಾಗಾಗಿ ಊರಿಗೆ ಬರೋವಾಗ ನಾನು ಒಂದು ತುಂಡು ತಂತೀನೂ ತರಲ್ಲ, ಬೆಂಗಳೂರಲ್ಲಿ ಇರೋಷ್ಟು ದಿನ ಮೆಡಿಕಲ್ ಶಾಪಿನ ನಿಕೋಟಿನ್ ಗಮ್ಮೇ ಗತಿ. ಊರಲ್ಲಿ ಓದ್ತಾ ಇರೋರು ಇದನ್ನ ಒಂದು ಕಸುಬಿನ ಕಥೆ ಅಂತ ಓದ್ಕೊಳ್ಳಿ. ಮತ್ತೆ, ಸಿಗರೇಟು ಸೇದದೇ ಇರೋರಿಗೆ ಇದರಲ್ಲಿ ಏನೂ ಇಲ್ಲ. ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಕೂಡ ಸಿಗರೇಟು ಬಿಡೋಕೆ ವೇಪ್ ಒಂದು ದಾರಿ ಅನ್ನತ್ತೆ, ಆದ್ರೆ ಅದರಲ್ಲಿ ಅಪಾಯವೇ ಇಲ್ಲ ಅನ್ನಲ್ಲ, ಸೇದದವರು ಶುರು ಮಾಡ್ಲೇಬೇಡಿ ಅಂತಾನೂ ಹೇಳತ್ತೆ. ನನ್ನ ಮಾತೂ ಅದೇ.

ನಾನು ಸಿಗರೇಟು ಹಿಡಿದದ್ದು ಹಾಸ್ಟೆಲಲ್ಲಿ, ಬೆಳೆಸಿಕೊಂಡದ್ದು ಬೆಂಗಳೂರಿನ ಟೀ ಅಂಗಡಿಗಳ ಮುಂದೆ. ಬಿಡೋಕೆ ಹೊರಟಾಗ ಕಷ್ಟ ಆಗಿದ್ದು ನಿಕೋಟಿನ್ ಒಂದೇ ಅಲ್ಲ, ಕೈ. ಕೈಗೆ ಏನಾದ್ರೂ ಕೆಲಸ ಬೇಕು, ಪ್ಯಾಕೆಟ್ ತಟ್ಟೋದು, ಕಡ್ಡಿ ಗೀರೋದು, ಬೂದಿ ಉದುರಿಸೋದು, ಇಷ್ಟು ವರ್ಷ ಇದೇ ಮಾಡ್ಕೊಂಡು ಬಂದ ಬೆರಳುಗಳು ಸುಮ್ನೆ ಕೂತ್ಕೊಳಲ್ಲ. ಅಂಗಡೀಲಿ ಸಿಗೋ ರೆಡಿಮೇಡ್ ಕಾಯಿಲ್ ಹಾಕೋ ವೇಪ್ ತಗೊಂಡೆ, ಆಸೆ ಏನೋ ಅಡಗ್ತು, ಆದ್ರೆ ಕೈ ಖಾಲೀನೇ. ಕಾಯಿಲ್ ಕರಿ ಆಯ್ತಾ, ಬಿಸಾಕು, ಹೊಸದು ತಿರುಗಿಸು. ಒಳಗೆ ಏನಿದೆ ಅಂತಾನೂ ಕಾಣಲ್ಲ. ಆಗ ಆಫೀಸಲ್ಲಿ ಒಬ್ಬ ಫಿಲಿಪಿನೋ ಗೆಳೆಯ ಇದ್ದ (ಫಿಲಿಪೀನ್ಸಲ್ಲಿ ಕೈಯಾರೆ ಕಾಯಿಲ್ ಸುತ್ತೋರ ದೊಡ್ಡ ಬಳಗವೇ ಇದೆ), ಅವನು ತನ್ನ ಅಟೊಮೈಜರ್ (ವೇಪಲ್ಲಿ ಲಿಕ್ವಿಡ್ಡನ್ನ ಆವಿ ಮಾಡೋ ಭಾಗ) ಬಿಚ್ಚಿ ತೋರಿಸಿದ. ಒಂದು ಸಣ್ಣ ಸ್ಟೀಲ್ ವೇದಿಕೆ, ಅದರ ಮೇಲೆ ಎರಡು ಕಂಬ, ಕಂಬಕ್ಕೆ ಸ್ಕ್ರೂ, ಸ್ಕ್ರೂಗೆ ಸಿಕ್ಕಿಸಿದ ತಂತಿ ಸುರುಳಿ, ಅದರ ನಡುವೆ ಬಿಳೀ ಹಗ್ಗ. ಆ ಹಗ್ಗ ಕೆಳಗಿನ ಟ್ಯಾಂಕ್ ಒಳಗೆ ಇಳಿದಿತ್ತು. ಇದೇನು ಹತ್ತೀನಾ ಅಂದೆ. ಅವನು ಮಾತಾಡದೆ ಬಟನ್ ಒತ್ತಿದ, ತಂತಿ ಕೆಂಪಗಾಯ್ತು, ಹಗ್ಗವೂ ಒಳಗಿಂದ ಕಿತ್ತಳೆ ಬಣ್ಣಕ್ಕೆ ಬೆಳಗ್ತು, ಬಟನ್ ಬಿಟ್ಟ, ಎರಡು ಸೆಕೆಂಡಲ್ಲಿ ಮತ್ತೆ ಹಾಲಿನಷ್ಟು ಬಿಳಿ. ಸುಡಲೇ ಇಲ್ಲ.

ಆ ಹಗ್ಗ ಏನು ಅಂತ ಆಮೇಲೆ ಹುಡುಕಿಕೊಂಡು ಹೋದೆ. ವೇಪಿಂಗ್ ಮಾಡೋರು ಸೆರಾಮಿಕ್ ಬತ್ತಿ ಅಂತ ಕರೆಯೋದು ಹೆಚ್ಚಾಗಿ ಅಮೆರಿಕದ 3ಎಂ ಕಂಪನಿಯ ನೆಕ್ಸ್ಟೆಲ್ ಅನ್ನೋ ನಾರಿನಿಂದ ಹೆಣೆದ ಹಗ್ಗವನ್ನ, ಅದರಲ್ಲೂ ನೆಕ್ಸ್ಟೆಲ್ 312. ನೂರರಲ್ಲಿ ಸುಮಾರು 62.5 ಭಾಗ ಅಲ್ಯುಮಿನಾ (ಅಲ್ಯುಮಿನಿಯಂ ಆಕ್ಸೈಡ್), 24.5 ಭಾಗ ಸಿಲಿಕಾ, 13 ಭಾಗ ಬೋರಿಯಾ (ಬೋರಾನ್ ಆಕ್ಸೈಡ್). ಇದನ್ನ ಮಾಡಿದ್ದು ಬಾಯಿಗೆ ಇಡೋ ವಸ್ತುವಿಗೆ ಅಲ್ಲವೇ ಅಲ್ಲ, ಕುಲುಮೆಗಳ ಬಾಗಿಲಿಗೆ, ಬಿಸಿ ಅಳೆಯೋ ಥರ್ಮೋಕಪಲ್ ವೈರಿನ ಹೊದಿಕೆಗೆ, ಬೆಂಕಿ ತಡೆಯೋ ಪರದೆಗಳಿಗೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಸಣ್ಣಪುಟ್ಟ ಉಲ್ಕೆ ಚೂರು ಬಡಿಯದ ಹಾಗೆ ಇರೋ ಕವಚದ ಒಳಗೆ ಕೆವ್ಲಾರ್ ಜೊತೆ ಇರೋದೂ ನೆಕ್ಸ್ಟೆಲ್ ಬಟ್ಟೇನೇ. ಅಂಥದ್ದನ್ನ ಯಾರೋ ಪುಣ್ಯಾತ್ಮ ಎರಡು ಇಂಚು ಕತ್ತರಿಸಿ ಅಟೊಮೈಜರ್ ಒಳಗೆ ಇಟ್ಟು ನೋಡಿದಾನೆ.

ಯಾಕೆ ನೋಡಿದ ಅನ್ನೋದಕ್ಕೆ ಕಾರಣ ಇದೆ. 2012ರಿಂದ 14ರ ಸುಮಾರಿಗೆ ಜೆನೆಸಿಸ್ ಅನ್ನೋ ಥರದ ಅಟೊಮೈಜರ್‌ಗಳು ತುಂಬಾ ಓಡಾಡ್ತಿದ್ವು, ಟ್ಯಾಂಕ್ ಕೆಳಗೆ, ಕಾಯಿಲ್ ಮೇಲೆ, ಬತ್ತಿ ಒಂದು ತೂತಿನಿಂದ ಕೆಳಗಿಳಿದು ಲಿಕ್ವಿಡ್ ಎಳ್ಕೊಂಡು ಬರ್ಬೇಕು. ಅದಕ್ಕೆ ಬಳಸ್ತಿದ್ದದ್ದು ಸ್ಟೀಲ್ ಮೆಶ್, ಜರಡಿ ಬಲೆ ಥರದ್ದು, ಸಿಗರೇಟು ಸುತ್ತಿದ ಹಾಗೆ ಬಿಗಿಯಾಗಿ ಸುರುಳಿ ಸುತ್ತಿದ್ದು. ಆದ್ರೆ ಸ್ಟೀಲ್ ಅಂದ್ಮೇಲೆ ಕರೆಂಟ್ ಹರಿಯತ್ತೆ. ಮೆಶ್ಶನ್ನ ಬೆಂಕೀಲಿ ಕಾಯಿಸಿ ಕಾಯಿಸಿ ಮೇಲೆ ಆಕ್ಸೈಡ್ ಪದರ ಬರಿಸಿ, ಆ ಪದರವೇ ಇನ್ಸುಲೇಷನ್ ಅಂತ ನಂಬಿ ಅದರ ಮೇಲೆ ಬರೀ ತಂತಿ ಸುತ್ತಬೇಕು. ಎಲ್ಲೋ ಒಂದು ಕಡೆ ಪದರ ಕಿತ್ತರೆ ಅಲ್ಲೇ ಶಾರ್ಟ್, ಒಂದು ಸುತ್ತು ಮಾತ್ರ ಧಗ್ ಅಂತ ಬೆಳಗತ್ತೆ, ಉಳಿದವು ತಣ್ಣಗೆ. ಸೆರಾಮಿಕ್ ಬಂದು ಈ ತಲೆನೋವನ್ನ ಬುಡಸಮೇತ ತೆಗೀತು, ಯಾಕಂದ್ರೆ ಅದರಲ್ಲಿ ಕರೆಂಟ್ ಹರಿಯೋ ಪ್ರಶ್ನೆಯೇ ಇಲ್ಲ. ತಂತಿ ಎಲ್ಲಿ ಬೇಕಾದ್ರೂ ತಾಗಲಿ.

ಇದನ್ನೆಲ್ಲ ಓದುವಾಗ ನನಗೆ ನೆನಪಾಗಿದ್ದು ಹಾಸ್ಟೆಲಿನ ಕಾಯಿಲ್ ಒಲೆ. ವಾರ್ಡನ್‌ಗೆ ಕಾಣದ ಹಾಗೆ ಮಂಚದ ಕೆಳಗೆ ಇಟ್ಕೊಂಡಿರ್ತಿದ್ವಲ್ಲ, ಬಿಳೀ ಸೆರಾಮಿಕ್ ತಟ್ಟೆ, ಅದರ ಮೇಲೆ ಚಕ್ಕುಲಿ ಸುತ್ತಿನ ಹಾಗೆ ಕಾಲುವೆ, ಕಾಲುವೇಲಿ ಮಲಗಿದ ನೈಕ್ರೋಮ್ ಸ್ಪ್ರಿಂಗ್. ಮ್ಯಾಗಿ, ಅನ್ನ, ಒಂದೊಂದು ಸಲ ಸಾರು, ಎಲ್ಲಾ ಅದರಲ್ಲೇ. ಸಾರು ಉಕ್ಕಿ ತಂತಿ ಮೇಲೆ ಬಿದ್ರೆ ಚಟ್ ಅಂತ ಕಡಿಯೋದು, ಕಡಿದ ಎರಡು ತುದಿ ಎಳೆದು ಹುರಿ ಹಾಕಿ ಮತ್ತೆ ಕಾಲುವೇಲಿ ಕೂರಿಸಿದ್ರೆ ಇನ್ನೊಂದು ತಿಂಗಳು ಓಡೋದು, ಹುರಿ ಹಾಕಿದ ಜಾಗ ಮಾತ್ರ ಉಳಿದದ್ದಕ್ಕಿಂತ ಬೇರೆ ಥರ ಬೆಳಗೋದು. ತಂತಿ ಕೆಲಸದ ಮೊದಲ ಪಾಠ ನನಗೆ ಅಲ್ಲೇ ಆಗಿತ್ತು ಅನ್ಬೇಕು. 230 ವೋಲ್ಟಿನ 1000 ವ್ಯಾಟ್ ಒಲೆಯ ಸುರುಳಿ ಲೆಕ್ಕ ಹಾಕಿದ್ರೆ ಸುಮಾರು 53 ಓಮ್. ಈಗ ನನ್ನ ಅಂಗೈಯಲ್ಲಿರೋದು 1 ಓಮ್ ಸುರುಳಿ, ಒಂದು 18650 ಲಿಥಿಯಂ ಬ್ಯಾಟರಿ, ಪೂರ್ತಿ ಚಾರ್ಜಲ್ಲಿ 4.2 ವೋಲ್ಟ್, ಹೆಚ್ಚೂಕಡಿಮೆ 17.6 ವ್ಯಾಟ್. ವಸ್ತು ಅದೇ, ತತ್ವ ಅದೇ: ಬಿಸಿ ಆಗೋ ತಂತಿ, ಬಿಸಿಗೆ ಅಳುಕದ ಸೆರಾಮಿಕ್. ಒಲೇಲಿ ಸೆರಾಮಿಕ್ ತಂತೀನ ಸುಮ್ನೆ ಹೊತ್ಕೊಂಡು ಇರತ್ತೆ, ಇಲ್ಲಿ ಅದೇ ಸೆರಾಮಿಕ್ ಲಿಕ್ವಿಡ್ಡನ್ನೂ ಹೊತ್ಕೊಂಡು ಬರತ್ತೆ.

ಈಗ ಕಾಂಥಾಲ್ ಬಗ್ಗೆ ಒಂದು ಮಾತು. ಇದು ಸ್ವೀಡನ್ ಮೂಲದ್ದು, ಕಬ್ಬಿಣ, ಕ್ರೋಮಿಯಂ, ಅಲ್ಯುಮಿನಿಯಂ ಸೇರಿದ ಮಿಶ್ರಲೋಹ. ಇದನ್ನ ಗಾಳೀಲಿ ಕಾಯಿಸಿದಾಗ ಒಳಗಿನ ಅಲ್ಯುಮಿನಿಯಂ ಮೇಲಕ್ಕೆ ಬಂದು ಆಕ್ಸಿಜನ್ ಜೊತೆ ಸೇರಿ ತೆಳ್ಳನೆ ಬೂದು ಚರ್ಮ ಕಟ್ಕೊಳ್ಳತ್ತೆ. ಆ ಚರ್ಮ ಅಲ್ಯುಮಿನಾ. ನೆಕ್ಸ್ಟೆಲ್ ಬತ್ತೀಲೂ ಅರ್ಧಕ್ಕಿಂತ ಹೆಚ್ಚು ಇರೋದು ಅಲ್ಯುಮಿನಾ. ಅಂದ್ರೆ ಸರಿಯಾಗಿ ಕಾಯಿಸಿದ ಕಾಂಥಾಲ್ ಸುರುಳಿಯನ್ನ ಸೆರಾಮಿಕ್ ಬತ್ತಿ ಮೇಲೆ ಇಟ್ಟಾಗ ಒಂದನ್ನೊಂದು ತಾಗ್ತಾ ಇರೋದು ಒಂದೇ ವಸ್ತುವಿನ ಎರಡು ರೂಪ. ನನಗೆ ಇದು ಗೊತ್ತಾದ ದಿನ ಆದ ಖುಷಿ ಹೇಳತೀರದು.

ಕಟ್ಟೋದು ಹೇಗೆ ಅಂತ ಹೇಳ್ತೀನಿ, ಯಾಕಂದ್ರೆ ಎಲ್ಲಾ ಇರೋದು ಅಲ್ಲೇ. 2 ಮಿ.ಮೀ. ದಪ್ಪದ ಹಗ್ಗ ತಗೊಳ್ತೀನಿ. ಕತ್ತರಿಸೋ ಜಾಗಕ್ಕೆ ಮೊದಲು ಟೇಪ್ ಸುತ್ತಿ ಟೇಪಿನ ಮಧ್ಯಕ್ಕೆ ಕತ್ತರಿ ಹಾಕಬೇಕು, ಇಲ್ಲಾಂದ್ರೆ ತುದಿ ಬಿಚ್ಕೊಂಡು ನಾರು ನಾರಾಗಿ ಹರಡತ್ತೆ, ಆ ನಾರು ಕೈಗೆ ಚುಚ್ಚಿದ್ರೆ ಗಾಜಿನ ಉಣ್ಣೆ ಮುಟ್ಟಿದ ಹಾಗೆ ತುರಿಕೆ. ಈ ಕೆಲಸ ಮನೆ ಒಳಗೆ ಬೇಡವೇ ಬೇಡ. ನಮ್ಮ ಮನೇಲಿ ಇದರ ಬಗ್ಗೆ ಕಟ್ಟುನಿಟ್ಟು, "ರೀ, ಮಗು ಅಂಬೆಗಾಲಿಡೋ ಜಾಗ ಇದು, ಆ ಹಗ್ಗ ತಗೊಂಡು ಹಿಂದ್ಗಡೆ ಶೆಡ್ಡಿಗೆ ನಡೀರಿ" ಅಂತ ನನ್ನ ಹೆಂಡ್ತಿ ಒಂದೇ ಸಲ ಹೇಳಿದ್ದು, ಅವತ್ತಿಂದ ಎಲ್ಲಾ ಶೆಡ್ಡಲ್ಲೇ, ಮಾಸ್ಕ್ ಹಾಕ್ಕೊಂಡು. ಅವಳು ಹೇಳಿದ್ದು ನೂರಕ್ಕೆ ನೂರು ಸರಿ.

ಆಮೇಲೆ ಸುಡೋದು. ನೇಯೋವಾಗ ನಾರು ತುಂಡಾಗದೆ ಇರಲಿ ಅಂತ ಕಾರ್ಖಾನೇಲಿ ಅದಕ್ಕೆ ಒಂದು ಲೇಪ ಹಾಕಿರ್ತಾರೆ, ನಮ್ಮ ನೇಕಾರರು ನೂಲಿಗೆ ಗಂಜಿ ಹಾಕೋ ಥರ. ಆ ಲೇಪ ಪೂರ್ತಿ ಹೋಗ್ಬೇಕು. ಹಗ್ಗವನ್ನ ಇಕ್ಕಳದಲ್ಲಿ ಹಿಡಿದು ಬ್ಯುಟೇನ್ ಟಾರ್ಚಿಗೆ ಒಡ್ಡಿದ್ರೆ ಮೊದಲು ಸಣ್ಣಗೆ ಹೊಗೆ, ಒಂದು ಥರ ಕಮಟು ವಾಸನೆ, ಹಗ್ಗ ಕಂದು ಆಗತ್ತೆ, ಕರಿ ಆಗತ್ತೆ, ಇನ್ನೂ ಹಿಡಿದ್ರೆ ಆ ಕರಿ ಅಂಚಿನಿಂದ ಹಿಂದೆ ಸರೀತಾ ಹೋಗಿ ಬಿಳಿ ಬರತ್ತೆ. ಕಿತ್ತಳೆ ಬಣ್ಣಕ್ಕೆ ಬೆಳಗಿದ ಮೇಲೆ ನಿಲ್ಲಿಸಬೇಕು. ಆ ಕಂಪನಿಯವರೇ ಇದು 1200 ಡಿಗ್ರಿ ತನಕ ತಡ್ಕೊಳ್ಳತ್ತೆ ಅಂತಾರೆ, ಹಾಗಂತ ಸುಮ್ನೆ ಬೆಂಕಿ ತೋರಿಸ್ತಾನೇ ಇರೋದು ಬೇಡ, ಪದೇ ಪದೇ ಅತಿಯಾಗಿ ಕಾಯಿಸಿದ ಹಗ್ಗ ಬಿರುಸಾಗತ್ತೆ, ಬಗ್ಗಿಸಿದ್ರೆ ಪುಡಿ ಉದುರತ್ತೆ. ಆರಿದ ಮೇಲೆ ಕುದಿಯೋ ನೀರಲ್ಲಿ ಚೆನ್ನಾಗಿ ತೊಳೆದು ಒಣಗಿಸ್ತೀನಿ. ಬಿಡಿ ನಾರು ಏನಾದ್ರೂ ಇದ್ರೆ ನೀರಲ್ಲೇ ಹೋಗ್ಲಿ.

ಸುರುಳಿ ಸುತ್ತೋದು ಇದರ ಮುಂದೆ ಸಲೀಸು. 2 ಮಿ.ಮೀ. ಡ್ರಿಲ್ ಬಿಟ್ ಮೇಲೆ 28 ಗೇಜ್ ಕಾಂಥಾಲ್, 6 ಸುತ್ತು, ಕಂಬದ ತನಕ ಹೋಗೋ ಎರಡು ಕಾಲೂ ಸೇರಿ ಐದೂವರೆ ಸೆಂಟಿಮೀಟರ್ ತಂತಿ, ಅದಕ್ಕೆ ಒಂದು ಓಮ್ ಹತ್ತಿರ ಬರತ್ತೆ. ಹತ್ತಿಗೆ ಸುತ್ತೋವಾಗ ಸುತ್ತುಗಳನ್ನ ಒಂದಕ್ಕೊಂದು ಅಂಟಿಸ್ತಾರೆ. ಸೆರಾಮಿಕ್ ಬತ್ತಿಗೆ ನನಗೆ ಇಷ್ಟ ಆಗೋದು ಸುತ್ತಿಂದ ಸುತ್ತಿಗೆ ಒಂದು ತಂತಿಯಷ್ಟು ಜಾಗ ಬಿಟ್ಟ ಸುರುಳಿ, ಪ್ರತೀ ಸುತ್ತೂ ಬತ್ತಿ ಮೇಲೆ ತಾನೇ ಕೂತು ತನ್ನ ಪಾಲಿನ ಲಿಕ್ವಿಡ್ ತಾನೇ ಆವಿ ಮಾಡತ್ತೆ, ನಡುವಿನ ಜಾಗದಿಂದ ಆವಿ ಹೊರಗೆ ಬರೋಕೆ ದಾರಿ ಇರತ್ತೆ. ಬತ್ತಿಯನ್ನ ಸುರುಳಿ ಒಳಗೆ ಎಳೆಯೋಕೆ ಹೊಲಿಗೆ ಡಬ್ಬೀಲಿರೋ ಸೂಜಿ ಪೋಣಿಸೋ ತಂತಿಕುಣಿಕೆ ಬಳಸ್ತೀನಿ, ತಳ್ಳೋಕೆ ಹೋದ್ರೆ ನಾರು ಮುರಿಯತ್ತೆ. ಎಳೆದಾಗ ಬೆರಳಿಗೆ ಒಂದು ಹದ ಗೊತ್ತಾಗತ್ತೆ. ಬತ್ತಿ ಸುರುಳಿಯ ಎಲ್ಲಾ ಕಡೆ ತಾಗ್ತಾ ಬರ್ಬೇಕು, ಆದ್ರೆ ಸುರುಳಿಯನ್ನ ತನ್ನ ಜೊತೆ ಎಳ್ಕೊಂಡು ಬರ್ಬಾರ್ದು. ತುಂಬಾ ಬಿಗಿ ಆದ್ರೆ ನಾರಿನ ನಡುವಿನ ಸಂದು ಮುಚ್ಚಿ ಲಿಕ್ವಿಡ್ ಏರಲ್ಲ. ಸಡಿಲ ಆದ್ರೆ ತಂತಿಯ ಒಂದು ಮಗ್ಗುಲು ಗಾಳೀಲಿ ನಿಂತು ಸುಮ್ನೆ ಕೆಂಪಗಾಗತ್ತೆ.

ಈ ಹದ ಯಾಕಷ್ಟು ಮುಖ್ಯ ಅಂದ್ರೆ, ಲಿಕ್ವಿಡ್ ಇರೋ ತನಕ ತಂತಿಯ ಬಿಸಿ ಅದರ ಕುದಿಯೋ ಬಿಂದುವಿನ ಆಸುಪಾಸಲ್ಲೇ ನಿಲ್ಲತ್ತೆ. ಲಿಕ್ವಿಡ್ಡಲ್ಲಿ ಮುಖ್ಯವಾಗಿ ಇರೋದು ಎರಡು, ಪ್ರೊಪಿಲೀನ್ ಗ್ಲೈಕಾಲ್ 188 ಡಿಗ್ರಿಗೆ ಕುದಿಯತ್ತೆ, ಗ್ಲಿಸರಿನ್ 290ಕ್ಕೆ. ಬತ್ತಿ ಒಣಗಿತೋ, ಬಿಸಿ ತಡೆಯೋರೇ ಇಲ್ಲ, ಒಂದೇ ಏಟಿಗೆ ಮೇಲಕ್ಕೆ ಹೋಗತ್ತೆ, ಆಗ ಉಳಿದಿರೋ ಗ್ಲಿಸರಿನ್ ಒಡೆದು ಅಕ್ರೋಲಿನ್, ಫಾರ್ಮಾಲ್ಡಿಹೈಡ್ ಥರದ ಗಂಟಲು ಸುಡೋ ವಿಷ ಹುಟ್ಟತ್ತೆ. ಒಗ್ಗರಣೆ ಎಣ್ಣೆ ಅತಿಯಾಗಿ ಕಾದಾಗ ಕಣ್ಣು ಉರಿಯೋದೂ ಅಕ್ರೋಲಿನ್ ದೆಸೆಯಿಂದಲೇ. ಸೀದ ಎಳೆತ ಅಂತ ನಾವು ಸುಲಭವಾಗಿ ಹೇಳ್ತೀವಿ, ದೇಹ ಅದನ್ನ ಎಚ್ಚರಿಕೆ ಅಂತಾನೇ ಕೊಡ್ತಾ ಇರೋದು, ಅದು ಬಂದ ಮೇಲೂ ಇನ್ನೊಂದು ಸಲ ಎಳೆದು ನೋಡೋಣ ಅನ್ನೋದು ಬೇಡ. ಗ್ಲಿಸರಿನ್ ಗ್ಲೈಕಾಲಿಗಿಂತ 20 ಪಟ್ಟಿಗೂ ಹೆಚ್ಚು ಮಂದ, ಅದರಲ್ಲೂ ಇಲ್ಲಿನ ಜನವರಿ ಚಳೀಲಿ ಶೆಡ್ಡಲ್ಲಿಟ್ಟ ಬಾಟಲಿ ಕಾಕಂಬಿ ಆಗಿರತ್ತೆ, ಅದು ಬತ್ತೀಲಿ ಏರೋಕೆ ಸಮಯ ತಗೊಳ್ಳತ್ತೆ. ಹಾಗಾಗಿ ಚಳಿಗಾಲಕ್ಕೆ ನಾನು ಗ್ಲೈಕಾಲ್ ಜಾಸ್ತಿ ಇರೋ ಲಿಕ್ವಿಡ್ ಹಾಕ್ತೀನಿ, ಎಳೆತದ ನಡುವೆ ಬಿಡುವು ಕೊಡ್ತೀನಿ.

ಕಂಬಕ್ಕೆ ಸಿಕ್ಕಿಸಿ ಸ್ಕ್ರೂ ಬಿಗಿದು ಮೊದಲು ಓಮ್ ಮೀಟರಲ್ಲಿ ನೋಡ್ಬೇಕು. ಈ ಒಂದು ಹೆಜ್ಜೆ ಯಾರೂ ಬಿಡ್ಬೇಡಿ, ಅದರಲ್ಲೂ ಒಳಗೆ ಸರ್ಕ್ಯೂಟ್ ಇಲ್ಲದ ಮೆಕ್ಯಾನಿಕಲ್ ಮಾಡ್ (ಬ್ಯಾಟರಿ, ಬಟನ್ ಇರೋ ಹಿಡಿ) ಬಳಸೋರು, ಅಲ್ಲಿ ಶಾರ್ಟ್ ಆದ್ರೆ ತಡೆಯೋಕೆ ಏನೂ ಇಲ್ಲ, ಬ್ಯಾಟರಿ ಕೈಯಲ್ಲೇ ಸಿಡಿಯಬಹುದು, ಅಮೆರಿಕದಲ್ಲಿ ವೇಪ್ ಸಿಡಿದು ಜೀವ ಹೋದ ಪ್ರಕರಣಗಳೂ ಇವೆ. ಓಮ್ ಸರಿ ಇದ್ರೆ ಕಡಿಮೆ ವ್ಯಾಟಲ್ಲಿ ಬಟನ್ ಒತ್ತಿ ಬಿಡೋದು, ಒತ್ತಿ ಬಿಡೋದು. ಸುರುಳಿ ನಡುವಿಂದ ಶುರುವಾಗಿ ಎರಡೂ ಕಡೆಗೆ ಸಮನಾಗಿ ಕೆಂಪಾಗ್ತಾ ಹೋಗ್ಬೇಕು. ಕಾಲು ಮೊದಲು ಕೆಂಪಾದ್ರೆ ಸ್ಕ್ರೂ ಸಡಿಲ ಇದೆ ಅಂತ, ಒಂದು ಸುತ್ತು ಮಾತ್ರ ಬೆಳಗಿದ್ರೆ ಅಲ್ಲಿ ಬತ್ತಿಗೂ ತಂತಿಗೂ ನಡುವೆ ಜಾಗ ಇದೆ ಅಂತ. ಸೆರಾಮಿಕ್ ತುದಿಯ ಚಿಮಟದಲ್ಲಿ ಆ ಸುತ್ತನ್ನ ಕೂದಲೆಳೆಯಷ್ಟು ಸರಿಸಿದ್ರೆ ಬೆಳಕು ಹಂಚ್ಕೊಳ್ಳತ್ತೆ. ಹತ್ತಿ ಇದ್ದಿದ್ರೆ ಇದನ್ನೆಲ್ಲ ಹತ್ತಿ ಹಾಕೋ ಮುಂಚೆ ಬರೀ ಸುರುಳೀಲಿ ಮುಗಿಸಬೇಕಿತ್ತು, ಹತ್ತಿ ಹಾಕಿದ ಮೇಲೆ ಏನಾಗ್ತಿದೆ ಅಂತ ಊಹೆ ಮಾತ್ರ. ಸೆರಾಮಿಕ್ಕಲ್ಲಿ ಬತ್ತಿ ಒಳಗಿದ್ದ ಹಾಗೇ ನೋಡಬಹುದು, ಬತ್ತಿ ಜೊತೆ ಸೇರಿ ಸುರುಳಿ ಹೇಗೆ ನಡ್ಕೊಳ್ಳತ್ತೆ ಅಂತ ಕಣ್ಣಾರೆ ಕಾಣತ್ತೆ.

ನಾನು ಸೆರಾಮಿಕ್ ಬತ್ತಿಗೆ ಅಂಟಿಕೊಂಡಿದ್ದು ಇದೇ ಕಾರಣಕ್ಕೆ. ಹತ್ತಿ ಒಳ್ಳೇದೇ, ರುಚಿ ಬೇಗ ಕೊಡತ್ತೆ, ಅಗ್ಗ, ಅದರ ಬಗ್ಗೆ ನನಗೆ ದೂರಿಲ್ಲ. ಆದ್ರೆ ಕೆಲವೇ ದಿನಕ್ಕೆ ಕಿತ್ತು ಬಿಸಾಕಬೇಕು, ಹೊಸ ಹತ್ತಿ ಹಾಕಿದಾಗ ಅದು ಹಿಂದಿನದರ ಹಾಗೇ ಇರಲ್ಲ, ಸ್ವಲ್ಪ ಹೆಚ್ಚು, ಸ್ವಲ್ಪ ಕಡಿಮೆ, ಹಾಗಾಗಿ ರುಚಿ ಬದಲಾದ್ರೆ ಅದು ಹತ್ತಿಯಿಂದಲೋ ಲಿಕ್ವಿಡ್ಡಿಂದಲೋ ತಂತಿಯಿಂದಲೋ ಹೇಳೋಕಾಗಲ್ಲ. ಸೆರಾಮಿಕ್ ಬತ್ತಿ ಉಳಿಯತ್ತೆ. ಅದೇ ಬತ್ತಿ, ಅದೇ ಸುರುಳಿ, ತಿಂಗಳುಗಟ್ಟಲೆ. ಗಾಳಿ ತೂತನ್ನ ಅರ್ಧ ಮಿಲಿಮೀಟರ್ ದೊಡ್ಡದು ಮಾಡಿದ್ರೆ ಏನಾಯ್ತು, ಎರಡು ವ್ಯಾಟ್ ಇಳಿಸಿದ್ರೆ ಏನಾಯ್ತು, ಬತ್ತಿಯ ಬಾಲ ಟ್ಯಾಂಕಿನ ತಳ ಮುಟ್ಟಿದಾಗ ಹೇಗೆ, ಒಂದು ಚೂರು ಮೇಲಿದ್ದಾಗ ಹೇಗೆ, ಬತ್ತಿ ಇಳಿದಿರೋ ತೂತಿನ ಪಕ್ಕದಲ್ಲಿ ಗಾಳಿ ಒಳಗೆ ಹೋಗೋಕೆ ದಾರಿ ಇಲ್ಲದಿದ್ರೆ ಲಿಕ್ವಿಡ್ ಹೇಗೆ ನಿಂತುಬಿಡತ್ತೆ, ಎಲ್ಲಾ ಬಿಡಿಬಿಡಿಯಾಗಿ ತಿಳಿಯತ್ತೆ. ಒಂದು ವಸ್ತು ಜೊತೆ ಸಾಕಷ್ಟು ಕಾಲ ಇದ್ರೆ ಮಾತ್ರ ಅದರ ಗುಣ ಸಿಗೋದು. ನನಗೆ ಸಿಗರೇಟು ಬಿಟ್ಟುಹೋಗಿದ್ದು ಇಲ್ಲೇ ಅಂತ ನಾನು ಗಟ್ಟಿಯಾಗಿ ನಂಬಿದೀನಿ. ನಿಕೋಟಿನ್ ಬೇರೆ ದಾರೀಲೂ ಸಿಗ್ತಿತ್ತು, ಕೈಗೂ ಕಣ್ಣಿಗೂ ಸೇರಿ ಹಿಡಿದಿಡೋ ಕೆಲಸ ಸಿಕ್ಕಿದ್ದು ಇದರಲ್ಲಿ.

ಬತ್ತಿ ಕರಿ ಆದಾಗ ಶುದ್ಧ ಮಾಡೋದು ನನಗೆ ಅತೀ ಇಷ್ಟದ ಭಾಗ. ಸಿಹಿ ಹಾಕಿದ ಲಿಕ್ವಿಡ್ ಆದ್ರೆ ಸುರುಳಿ ಮೇಲೆ ಬೆಲ್ಲದ ಪಾಕ ಸೀದ ಥರ ಕರೀ ಕವಚ ಕಟ್ಟತ್ತೆ. ಟ್ಯಾಂಕ್ ಖಾಲಿ ಮಾಡಿ, ತೊಳೆದು, ಒಣಗಿಸಿ, ಕಡಿಮೆ ವ್ಯಾಟಲ್ಲಿ ಬಿಟ್ಟು ಬಿಟ್ಟು ಕಾಯಿಸಿದ್ರೆ ಆ ಕವಚ ಮೊದಲು ಹೊಗೆ ಆಗತ್ತೆ, ಆಮೇಲೆ ಅಂಚು ಕೆಂಪಗೆ ಹೊತ್ಕೊಂಡು ಬೂದಿ ಆಗತ್ತೆ, ಉಫ್ ಅಂತ ಊದಿದ್ರೆ ಹೋಗತ್ತೆ. ಆ ಹೊಗೆ ಒಳಗೆ ಎಳೀಬೇಡಿ, ಕಿಟಕಿ ಬಾಗಿಲು ತೆಗೆದೇ ಮಾಡಿ. ಸುರುಳಿ ಹೊರಗಿನ ಬತ್ತಿ ಬಾಲ ಮಾತ್ರ ಚಹಾ ಕಲೆ ಹಿಡಿದ ಹಾಗೆ ಉಳಿಯತ್ತೆ, ತಂತಿ ಬಿಸಿ ಅಲ್ಲಿಗೆ ಹೋಗಲ್ಲ, ಅದಕ್ಕೆ ಮತ್ತೆ ಟಾರ್ಚೇ ಬೇಕು. ಗ್ರೀಸ್ ದೇಶದ ಹೃದ್ರೋಗ ತಜ್ಞ ಕಾನ್‌ಸ್ಟಾಂಟಿನೋಸ್ ಫರ್ಸಾಲಿನೋಸ್ ಅಂತ ಇದಾರೆ, ವೇಪಿಂಗ್ ಬಗ್ಗೆ ತುಂಬಾ ಸಂಶೋಧನೆ ಮಾಡಿದವರು, ತಂತೀನ ಹೀಗೆ ಕೆಂಪಗೆ ಕಾಯಿಸೋದು ಒಳ್ಳೇದಲ್ಲ, ಲೋಹದ ರಚನೆ ಕೆಡಬಹುದು ಅಂತ ಎಚ್ಚರಿಸಿದ್ರು. ಅದನ್ನ ಓದಿದ ಮೇಲೆ ನಾನು ಕೆಂಪಗೆ ಕಾಯಿಸೋದನ್ನ ಸಾಧ್ಯವಾದಷ್ಟು ಕಡಿಮೆ ಮಾಡಿದೀನಿ, ಸಿಹಿ ಹಾಕಿದ ಲಿಕ್ವಿಡ್ ತಗೊಳ್ಳೋದೇ ಬಿಟ್ಟೆ, ಕವಚ ಕಟ್ಟದಿದ್ರೆ ಸುಡೋ ಕೆಲಸವೇ ಬರಲ್ಲವಲ್ಲ. ಹಳೇ ಸುರುಳಿಯನ್ನ ಹೊಸ ಸುರುಳಿಗೆ ಬದಲಾಯಿಸಿ, ಬತ್ತಿ ಮಾತ್ರ ಉಳಿಸ್ಕೊಳ್ತೀನಿ.

ಇನ್ನು ನಾರಿನ ವಿಚಾರ. ಇದನ್ನ ಹಗುರವಾಗಿ ಹೇಳಿ ಮುಂದೆ ಹೋಗೋಕೆ ನನಗೆ ಮನಸ್ಸಿಲ್ಲ, ಯಾಕಂದ್ರೆ ಎಳ್ಕೊಳ್ತಾ ಇರೋದು ಶ್ವಾಸಕೋಶಕ್ಕೆ. ಸೆರಾಮಿಕ್ ಫೈಬರ್ ಅಂದ್ರೆ ಕ್ಯಾನ್ಸರ್ ಅಂತ ಹೇಳೋರಿದಾರೆ, ಏನೂ ಆಗಲ್ಲ ಬಿಡಿ ಅನ್ನೋರೂ ಇದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ 2002ರ ತನ್ನ ವರದೀಲಿ ರಿಫ್ರಾಕ್ಟರಿ ಸೆರಾಮಿಕ್ ಫೈಬರನ್ನ, ಅಂದ್ರೆ ಕುಲುಮೆಗಳಿಗೆ ಹಾಕೋ ಉಣ್ಣೆ ಥರದ್ದನ್ನ, 2ಬಿ ಗುಂಪಿಗೆ ಸೇರಿಸ್ತು, ಮನುಷ್ಯರಲ್ಲಿ ಕ್ಯಾನ್ಸರ್ ತರಬಹುದು ಅನ್ನೋ ಗುಂಪು ಅದು. ಅದೇ ವರದೀಲಿ ಉದ್ದಕ್ಕೆ ಎಳೆದ ಗಾಜಿನ ಎಳೆಗಳನ್ನ 3ನೇ ಗುಂಪಿಗೆ ಹಾಕಿದಾರೆ, ಅಂದ್ರೆ ಕ್ಯಾನ್ಸರ್ ತರತ್ತೆ ಅಂತ ಹೇಳೋಕೆ ಆಧಾರ ಸಾಲದು ಅಂತ. ಒಂದು ಮುಖ್ಯ ವ್ಯತ್ಯಾಸ ಇರೋದು ದಪ್ಪದಲ್ಲಿ. ಶ್ವಾಸಕೋಶದ ಆಳಕ್ಕೆ ಹೋಗೋದು 3 ಮೈಕ್ರಾನಿಗಿಂತ (ಮೈಕ್ರಾನ್ ಅಂದ್ರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ) ತೆಳ್ಳಗಿನ ನಾರು. ಕುಲುಮೆ ಉಣ್ಣೇಲಿ ಅಂಥ ತೆಳ್ಳನೆ ನಾರು ಬೇಕಾದಷ್ಟಿರತ್ತೆ. ನೆಕ್ಸ್ಟೆಲ್ 312 ಉದ್ದದ ಎಳೆಗಳಿಂದ ಮಾಡಿದ್ದು, ಒಂದೊಂದು ಎಳೆ 10ರಿಂದ 12 ಮೈಕ್ರಾನ್. ಎರಡನ್ನೂ ಒಂದೇ ಹೆಸರಲ್ಲಿ ಕರೆದು ಹೆದರೋದೂ ತಪ್ಪು.

ಹಾಗಂತ ನಿಶ್ಚಿಂತೆಯಾಗಿ ಇರೋಕೂ ನನಗೆ ಆಗಲ್ಲ. ಇದನ್ನ ತಯಾರಿಸಿದ್ದು ಉಸಿರಾಡೋ ವಸ್ತುವಿಗೆ ಅಲ್ಲ. ದಪ್ಪ ನಾರು ಶ್ವಾಸಕೋಶದ ಆಳಕ್ಕೆ ಹೋಗದಿದ್ರೂ ಗಂಟಲಿಗೆ, ಮೂಗಿಗೆ ಕೆರೆತ ಕೊಡೋದು ನಿಜ. ಬಿರುಸಾಗಿ ಪುಡಿ ಉದುರೋ ಹಂತಕ್ಕೆ ಬಂದ ಬತ್ತಿ ಒಳಗೆ ಇರಲೇಬಾರದು. ಅದಕ್ಕೇ ನನ್ನದೊಂದು ಕಟ್ಟಳೆ ಇದೆ. ಕತ್ತರಿಸಿದ ತುದಿ ಯಾವತ್ತೂ ಗಾಳಿ ಹೋಗೋ ದಾರೀಲಿ ಇರಬಾರ್ದು, ಎರಡೂ ತುದಿ ಲಿಕ್ವಿಡ್ ಒಳಗೇ ಮುಳುಗಿರ್ಬೇಕು. ಬತ್ತಿಯನ್ನ ಬಗ್ಗಿಸಿದಾಗ ಕರಕ್ ಅಂದ್ರೆ ಅವತ್ತೇ ಕಸಕ್ಕೆ. ಒಣ ಬತ್ತಿ ಮೇಲೆ ಎಳೆಯೋದೇ ಇಲ್ಲ. ಊರಿಂದ ಅಮ್ಮ ಫೋನ್ ಮಾಡಿದಾಗಲೆಲ್ಲ "ಅದನ್ನೂ ಬಿಟ್ಬಿಡೋ ಮಗಾ, ಯಾವ್ದಾದ್ರೇನು ಹೊಗೆ ಹೊಗೇನೇ" ಅಂತಾರೆ. ಅವರಿಗೆ ಮೈಕ್ರಾನ್ ಲೆಕ್ಕ ಹೇಳೋಕೆ ಹೋಗಲ್ಲ ನಾನು. ಅವರು ಹೇಳೋದು ಸರಿಯಾದ ದಿಕ್ಕೇ. ನಿಕೋಟಿನ್ ಇಳಿಸ್ತಾ ಬಂದಿದೀನಿ, ಇಲ್ಲಿ ಒಂದು ಮಿಲೀಲಿ 20 ಮಿಲಿಗ್ರಾಂಗಿಂತ ಹೆಚ್ಚು ನಿಕೋಟಿನ್ ಮಾರೋ ಹಾಗಿಲ್ಲ, ನಾನು ಶುರು ಮಾಡಿದ್ದು 18ರಲ್ಲಿ, ಈಗ 3. ನಿಕೋಟಿನ್ ಇಲ್ಲದ 50 ಮಿಲಿ ಬಾಟಲಿಗೆ 18ರ ಒಂದು 10 ಮಿಲಿ ಬಾಟಲಿ ಬೆರೆಸಿದ್ರೆ ಸರಿಯಾಗಿ 3 ಬರತ್ತೆ. ಮುಂದಿನದು ಸೊನ್ನೆ.

2025ರ ಜೂನ್ 1ರಿಂದ ಬ್ರಿಟನ್ನಲ್ಲಿ ಒಂದೇ ಸಲ ಬಳಸಿ ಬಿಸಾಕೋ ವೇಪ್‌ಗಳ ಮಾರಾಟ ನಿಂತಿದೆ. ಅದಕ್ಕೆ ಮುಂಚೆ ನಮ್ಮ ಬೀದೀಲಿ ಬೆಳಿಗ್ಗೆ ನಡ್ಕೊಂಡು ಹೋದ್ರೆ ಚರಂಡಿ ಪಕ್ಕದಲ್ಲಿ, ಸ್ಕೂಲ್ ಗೇಟ್ ಹತ್ರ ಬಣ್ಣಬಣ್ಣದ ಪ್ಲಾಸ್ಟಿಕ್ ಕೊಳವೆಗಳು, ಪ್ರತಿಯೊಂದರಲ್ಲೂ ಒಂದು ಲಿಥಿಯಂ ಬ್ಯಾಟರಿ. ಎಷ್ಟೋ ಸಲ ಚಾರ್ಜ್ ಆಗೋ ತಾಕತ್ತಿರೋ ಬ್ಯಾಟರೀನ ಒಂದು ಸಲಕ್ಕೆ ಕಸ ಮಾಡೋದು ನೋಡಿ ನನಗೆ ಹೊಟ್ಟೆ ಉರಿಯೋದು. ನಿಷೇಧ ಒಳ್ಳೇ ಕೆಲಸ. ಆದ್ರೆ ಅದರ ಜಾಗಕ್ಕೆ ಬಂದಿರೋದೂ ಹೆಚ್ಚೂಕಡಿಮೆ ಅದೇ ರೂಪದ್ದು, ಚಾರ್ಜ್ ಮಾಡಬಹುದು, ಪಾಡ್ (ಲಿಕ್ವಿಡ್, ಕಾಯಿಲ್ ಇರೋ ಸಣ್ಣ ಡಬ್ಬಿ) ಮಾತ್ರ ಬಿಸಾಕು. ಆ ಪಾಡ್‌ಗಳಲ್ಲಿ ಈಗ ಸೆರಾಮಿಕ್ ಕಾಯಿಲ್ ಅಂತ ಬರ್ತಾ ಇದೆ, ಹೆಸರು ನೋಡಿ ನಾನು ಹೇಳ್ತಿರೋ ಬತ್ತಿ ಅಂದ್ಕೋಬೇಡಿ. ಅದು ರಂಧ್ರಗಳಿರೋ ಸೆರಾಮಿಕ್ಕಿನ ಗಟ್ಟಿ ತುಂಡು, ತಂತಿ ಅದರಲ್ಲೇ ಹುದುಗಿರತ್ತೆ, ಬಿಚ್ಚೋಕೆ ಬರಲ್ಲ, ಬದಲಾಯಿಸೋಕೆ ಬರಲ್ಲ. ರುಚಿ ಚೆನ್ನಾಗೇ ಇರತ್ತೆ. ನನಗೆ ಬೇಕಾದ ಕೆಲಸ ಮಾತ್ರ ಅದರಲ್ಲಿಲ್ಲ.

ಹೊಸದಾಗಿ ಕಟ್ಟೋಕೆ ಶುರು ಮಾಡೋ ಸಿಗರೇಟಿಗರು ಯಾರಾದ್ರೂ ಇಲ್ಲಿ ನನ್ನ ಕೇಳಿದ್ರೆ ಹತ್ತಿಯಿಂದಲೇ ಶುರು ಮಾಡಿ ಅಂತೀನಿ, ಸುರುಳಿ ಕೈಗೆ ಕೂರೋ ತನಕ ಅದೇ ಸಲೀಸು. ಆಮೇಲೂ ಆಸಕ್ತಿ ಉಳಿದ್ರೆ ಬತ್ತಿಯ ಎರಡೂ ಬಾಲ ಟ್ಯಾಂಕಿಗೆ ಇಳಿಯೋ ಜೆನೆಸಿಸ್ ಥರದ ಅಟೊಮೈಜರ್, ಮೂಲ ಎಲ್ಲಿಂದ ಅಂತ ಖಾತ್ರಿ ಇರೋ ನೆಕ್ಸ್ಟೆಲ್ ಹಗ್ಗ, ಒಂದು ಓಮ್ ಮೀಟರ್, ಒಂದು ಟಾರ್ಚ್. ಹೆಸರಿಲ್ಲದ ಪ್ಯಾಕೆಟಲ್ಲಿ ಬರೋ "ಸೆರಾಮಿಕ್ ರೋಪ್" ತಗೋಬೇಡಿ, ಅದರಲ್ಲಿ ಎಷ್ಟೋ ಒಲೆ ಬಾಗಿಲಿಗೆ ಸುತ್ತೋ ಉಣ್ಣೆ ಹಗ್ಗ, ನಾನು ಮೇಲೆ ಹೇಳಿದ 2ಬಿ ಗುಂಪಿನದ್ದೇ ಇರಬಹುದು. ಸದ್ಯ ನಾನು ನೋಡ್ತಾ ಇರೋದು ಅದೇ 2 ಮಿ.ಮೀ. ಬತ್ತಿ ಮೇಲೆ 316ಎಲ್ ಸ್ಟೀಲ್ ತಂತಿ, ಟೆಂಪರೇಚರ್ ಕಂಟ್ರೋಲ್ ಜೊತೆ. ಸ್ಟೀಲ್ ಬಿಸಿ ಏರಿದ ಹಾಗೆ ಅದರ ರೆಸಿಸ್ಟೆನ್ಸೂ ಏರತ್ತೆ, ಚಿಪ್ ಅದನ್ನ ನೋಡಿ 220 ಡಿಗ್ರಿ ದಾಟೋ ಮುಂಚೆ ಕರೆಂಟ್ ಇಳಿಸತ್ತೆ, ಅಂದ್ರೆ ಬತ್ತಿ ಒಣಗಿದ್ರೂ ಸೀಯೋ ಮಟ್ಟಕ್ಕೆ ಹೋಗಬಾರ್ದು. ಸ್ಟೀಲಿನ ರೆಸಿಸ್ಟೆನ್ಸ್ ಕಡಿಮೆ ಇರೋದ್ರಿಂದ 6 ಸುತ್ತು ಸಾಲಲ್ಲ, 9 ಸುತ್ತು ಹಾಕಿದೀನಿ, ಅದಕ್ಕೆ ಕಂಬಗಳ ನಡುವೆ ಜಾಗ ಇಕ್ಕಟ್ಟು, ಕೊನೇ ಸುತ್ತು ಕಂಬಕ್ಕೆ ತಾಗೋ ಹಾಗೆ ಬರ್ತಿದೆ. ತೆಳ್ಳಗಾದಷ್ಟೂ ರೆಸಿಸ್ಟೆನ್ಸ್ ಹೆಚ್ಚು, ಸುತ್ತು ಕಡಿಮೆ ಸಾಕು, ಹಾಗಾಗಿ ಇನ್ನೂ ಒಂದು ಗೇಜ್ ತೆಳ್ಳಗಿನ ತಂತಿ ತರಿಸಿದೀನಿ, ಈ ಶನಿವಾರ ಅದನ್ನ ಸುತ್ತಿ ನೋಡ್ಬೇಕು.